ತುಳುವಿನಲ್ಲಿ ಉತ್ತರ ಕೊಡುವ ಡಾಕ್ಟ್ರು

ನಮ್ಮ ಡಾಕ್ಟ್ರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವರು ಕಾಪು ಪೇಟೆಯಲ್ಲಿ ಮೀನು ಮಾರುವ ಹೆಂಗಸು. ಬಂಗುಡೆಯ ಕ್ರಯ ಹೇಳಿ, ಅದೇ ಉಸಿರಿನಲ್ಲಿ, "ನಿಮ್ಮ ಡಾಕ್ಟ್ರು ಹೋದ್ರಂತೆ, ಅಲ್ವಾ?" ಎಂದರು. ಹಿಂದಿನ ದಿನ ಕಾರ್ಕಳದ ಮನೆಯಲ್ಲಿ, ಊಟ ಮಾಡಿ ಕೈ ತೊಳೆಯಲು ಎದ್ದವರು ಅಲ್ಲೇ ಕುಸಿದರಂತೆ. ಊಟಕ್ಕೆ ಮೀನು ಇತ್ತೋ ಇಲ್ಲವೋ ಎಂದು ನಾನು ಮೊದಲು ಯೋಚಿಸಿದೆ. ಮೀನಿಲ್ಲದ ಊಟವನ್ನು ಅವರು ಊಟವೆಂದು ಒಪ್ಪಿದವರಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಸ್ಪತ್ರೆಯ ವಾರ್ಷಿಕೋತ್ಸವದ ಆಮಂತ್ರಣದಲ್ಲಿ ಹೆಸರು ದಪ್ಪ ಅಕ್ಷರದಲ್ಲಿ ಬಂದದ್ದಕ್ಕೇ ಒಂದು ವಾರ ಸಿಡಿಮಿಡಿ ಮಾಡಿದವರು ಅವರು. ಕಾಪುವಿನಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ಆಸ್ಪತ್ರೆ. ಅಲ್ಲಿ ಅವರು ಸರ್ಜನ್, ನಾನು ಲ್ಯಾಬ್ ಟೆಕ್ನಿಷಿಯನ್. ಅವರ ಕೋಣೆಗೂ ನನ್ನ ಲ್ಯಾಬಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ಡಿನ ಗೋಡೆ, ಅದೂ ಮಾಡಿನವರೆಗೆ ಮುಟ್ಟುತ್ತಿರಲಿಲ್ಲ. ಹಾಗಾಗಿ ಆ ಕೋಣೆಯಲ್ಲಿ ಆಡಿದ ಮಾತೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಕೇಳಿಸಿಕೊಳ್ಳಬಾರದು ಎಂದು ನಾನು ಪ್ರಯತ್ನಪಟ್ಟೆ ಎಂದರೆ ಸುಳ್ಳಾಗುತ್ತದೆ.

ಗಿಡ್ಡ ಆಳು. ಅರ್ಧ ತೋಳಿನ ಅಂಗಿ. ಕಾರ್ಕಳದ ಕೊಂಕಣಿಯವರು, ಕಾರು ಕೊಳ್ಳುವ ತಾಕತ್ತು ಇದ್ದೂ ಬಸ್ಸಿನಲ್ಲೇ ಬರುತ್ತಿದ್ದರು. ಹೊಗಳಿದರೆ ಮುಖ ಗಂಟು ಹಾಕುವುದು, ಬೈದರೆ ಕಿವಿಗೊಟ್ಟು ಕೇಳುವುದು ಅವರ ಕ್ರಮ. ಮೀನು ತಿನ್ನುವ ಕೊಂಕಣಿಯವರಿಗೂ ಜನಿವಾರ ಉಂಟು, ಅದಕ್ಕೆ ಒಂದು ಕೀ ಕಟ್ಟಿಕೊಂಡಿದ್ದರು. ಅದು ಅವರ ಕೋಣೆಯ ಮೂಲೆಯಲ್ಲಿದ್ದ ಕಬ್ಬಿಣದ ಬೀರುವಿನದು, ಬೀರುವಿನೊಳಗೆ ಇದ್ದದ್ದು ಮಾರ್ಫಿನ್ ಮಾತ್ರೆ. ಕ್ಯಾನ್ಸರಿನ ಕೊನೆಯ ಹಂತದ ನೋವಿಗೆ ಅದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಅದನ್ನು ಇಟ್ಟುಕೊಳ್ಳುವ ಅನುಮತಿಗಾಗಿ ಅವರು ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಿದ್ದರೆಂದರೆ, ಸಿಕ್ಕಿದ ಮೇಲೆ ಕೀಯನ್ನು ಬೇರೆ ಯಾರ ಕೈಗೂ ಕೊಡುವ ಮನಸ್ಸಾಗಲಿಲ್ಲ. ಜನಿವಾರ ಎಷ್ಟು ಉದ್ದ ಇರುತ್ತದೆ? ಬೀರು ತೆರೆಯುವಾಗ ಅವರು ಸೊಂಟ ಬಗ್ಗಿಸಿ ಬೀಗಕ್ಕೆ ಹೊಟ್ಟೆ ತಾಗಿಸಬೇಕಿತ್ತು. ಕೆಮ್ಮಣ್ಣು ಎಂಬ ಊರಿನ ಒಬ್ಬ ದೋಣಿಯ ಮುದುಕರು, ಗಂಟಲಿನ ಕಾಯಿಲೆಯವರು, ಒಮ್ಮೆ ಅದನ್ನು ನೋಡಿ, "ಡಾಕ್ಟ್ರೇ, ದಿನಾ ಬೀರುವಿಗೆ ಅಡ್ಡಬೀಳ್ತೀರಿ. ಒಳಗೆ ಯಾವ ದೇವರುಂಟು?" ಎಂದು ಕೇಳಿದರು. "ನಿದ್ದೆಯ ದೇವರು. ಪ್ರಸಾದ ಹಿಡೀರಿ," ಎಂದು ಡಾಕ್ಟ್ರು ಮಾತ್ರೆ ಕೊಟ್ಟರು.

ನಮ್ಮಂಥ ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆ ನಾವು ಮಾಡುವುದಾದರೂ ಏನು? ದೊಡ್ಡ ಆಪರೇಷನ್, ಕರೆಂಟು ಕೊಡುವುದು ಎಂದು ಜನ ಹೇಳುವ ರೇಡಿಯೇಷನ್, ಕೀಮೋ ಎಲ್ಲ ಮಣಿಪಾಲದಲ್ಲಿ. ಅನುಮಾನ ಬಂದಾಗ ಒಂದು ತುಣುಕು ತೆಗೆಯುವುದು ನಮ್ಮ ಕೆಲಸ. ಅದನ್ನು ಬಾಟಲಿಯಲ್ಲಿ ಹಾಕಿ ಬಸ್ಸಿನಲ್ಲಿ ಮಣಿಪಾಲಕ್ಕೆ ಒಯ್ಯುತ್ತಿದ್ದವಳು ನಾನೇ. ಪಕ್ಕದ ಸೀಟಿನವರು ಉಪ್ಪಿನಕಾಯಿ ಎಂದು ತಿಳಿದು ನಗುತ್ತಿದ್ದರು. ಕೀಮೋ ಶುರುವಾದ ಮೇಲೆ ನಡುನಡುವೆ ರಕ್ತ ಪರೀಕ್ಷೆ, ಜ್ವರ ಬಂದರೆ ಡ್ರಿಪ್ಪು, ಕೊನೆಗೆ ಆ ಬೀರುವಿನ ಮಾತ್ರೆ. ಅಷ್ಟೇ. ಆದರೆ ಈ ಅಷ್ಟಕ್ಕೆ ಜನರನ್ನು ಒಪ್ಪಿಸುವುದರಲ್ಲೇ ಡಾಕ್ಟ್ರ ಅರ್ಧ ಆಯುಷ್ಯ ಹೋಯಿತು. ನಮ್ಮ ಕಡೆ ಒಬ್ಬರನ್ನು ಮಣಿಪಾಲಕ್ಕೆ ಬರೆದಿದ್ದಾರಂತೆ ಎಂದರೆ ಸಾಕು, ನೆಂಟರು ಕೊನೆಯ ಸಲ ನೋಡಲಿಕ್ಕೆ ಹೊರಡುತ್ತಾರೆ.

ಮತ್ತೆ ಆಟಿ ತಿಂಗಳೊಂದು ಉಂಟಲ್ಲ. ಜಡಿಮಳೆಯ ಆ ತಿಂಗಳಿನಲ್ಲಿ ನಮ್ಮ ಜನ ಹೊಸ ಕೆಲಸ ಯಾವುದಕ್ಕೂ ಕೈ ಹಾಕುವುದಿಲ್ಲ. "ಆಟಿ ಕಳೆಯಲಿ ಡಾಕ್ಟ್ರೇ, ಮತ್ತೆ ನೋಡುವ" ಎನ್ನುವುದನ್ನು ನಾನು ಪ್ಲೈವುಡ್ಡಿನ ಈಚೆ ಎಷ್ಟು ಸಲ ಕೇಳಿದ್ದೇನೆ! ಡಾಕ್ಟ್ರು ಅದಕ್ಕೂ ಉಪಾಯ ಕಂಡುಕೊಂಡಿದ್ದರು. ಆಟಿಯ ಮುನ್ನಾದಿನ ಸಂಶಯದ ರೋಗಿಗಳನ್ನೆಲ್ಲ ಕರೆಸಿ ನನ್ನ ಹತ್ತಿರ ಒಂದೊಂದು ರಕ್ತ ಪರೀಕ್ಷೆ ಮಾಡಿಸುವರು. ಚಿಕಿತ್ಸೆ ಶುರುವಾಯಿತು, ಇನ್ನು ನಡೆಯುವುದೆಲ್ಲ ಹಳೆಯ ಕೆಲಸವೇ ಎಂಬುದು ವಾದ. ಬಜಗೋಳಿ ಕಡೆಯ ಒಬ್ಬ ಕೃಷಿಕರು ಆಟಿಯ ನಡುವೆಯೇ ಬಂದು, "ಇನ್ನು ನಾಲ್ಕು ದಿನ ಕಾಯುವ" ಎಂದಾಗ, "ನಿಮ್ಮ ಕಾಯಿಲೆ ಆಟಿಗೆ ಮುಂಚೆಯೇ ಮುಹೂರ್ತ ಮಾಡಿಕೊಂಡಿದೆ ಮಾರಾಯ್ರೆ. ನಾವು ಅದರ ಹಿಂದೆ ಓಡುವುದು ಮಾತ್ರ," ಎಂದರು. ಆ ಮನುಷ್ಯ ಮರುದಿನವೇ ಮಣಿಪಾಲಕ್ಕೆ ಹೊರಟರು.

ಇವೆಲ್ಲದಕ್ಕಿಂತ ಹೆಚ್ಚು ಜನ ಅವರನ್ನು ನೆನಪಿಟ್ಟುಕೊಂಡದ್ದು, ಹೆಚ್ಚು ಜನ ಬೈದದ್ದು ಕೂಡ, ಮಾತಿನ ವಿಷಯಕ್ಕೆ.

ನಮ್ಮಲ್ಲಿ ಮನೆಯೊಳಗೆ ತುಳು. ಕನ್ನಡ ಏನಿದ್ದರೂ ಶಾಲೆಗೆ, ಕಚೇರಿಗೆ, ಮೈಕಿಗೆ, ಡಾಕ್ಟರಿಗೆ. ಆದ್ದರಿಂದ ಒಂದು ಮನೆಯಲ್ಲಿ ಯಾರಿಗೆ ಎಷ್ಟು ಕನ್ನಡ ಬರುತ್ತದೆ ಎಂಬುದು ಆ ಮನೆಯವರಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಶಾಲೆಗೆ ಹೋಗದ ಹಿರಿಯರಿಗಂತೂ ಬರುವುದೇ ಇಲ್ಲ ಎಂದು ಮಕ್ಕಳ ಲೆಕ್ಕಾಚಾರ. ರೋಗಿಯನ್ನು ಎದುರಿಗೆ ಕೂರಿಸಿಕೊಂಡೇ ಅವರು ಡಾಕ್ಟ್ರ ಹತ್ತಿರ ಕನ್ನಡದಲ್ಲಿ ಶುರು ಮಾಡುತ್ತಾರೆ: "ಅಮ್ಮನಿಗೆ ಕನ್ನಡ ಬರುವುದಿಲ್ಲ. ಏನಿದ್ದರೂ ನಮಗೆ ಹೇಳಿ. ಅವರಿಗೆ ಗೊತ್ತಾಗುವುದು ಬೇಡ." ಆಗ ನಮ್ಮ ಡಾಕ್ಟ್ರು ಕುರ್ಚಿಯನ್ನು ಕರಕರ ಎಂದು ಆ ಅಮ್ಮನ ಕಡೆಗೆ ತಿರುಗಿಸಿ, ಕೊಂಕಣಿ ರಾಗದ ತಮ್ಮ ತುಳುವಿನಲ್ಲಿ, "ಅಮ್ಮಾ, ನಿಮ್ಮ ಮಗ ಕೇಳಿದ ಪ್ರಶ್ನೆಗೆ ಉತ್ತರ ಹೇಳ್ತೇನೆ, ಕೇಳಿ" ಎಂದು ಎಲ್ಲವನ್ನೂ ಹೇಳಿಬಿಡುವರು. ಕುರ್ಚಿಯ ಆ ಶಬ್ದ ಕೇಳಿದೊಡನೆ ನಾನು ಲ್ಯಾಬಿನಲ್ಲಿ ಕೈಯಲ್ಲಿದ್ದ ಸ್ಲೈಡನ್ನು ಕೆಳಗಿಡುತ್ತಿದ್ದೆ. ಕೆಲವರು ಅಳುವರು. ಗಲ್ಫಿನಿಂದ ರಜೆಯಲ್ಲಿ ಬಂದ ಒಬ್ಬ ಮಗ ಮೇಜಿಗೆ ಗುದ್ದಿ, ನಿಮಗೆ ಹೃದಯ ಉಂಟಾ ಎಂದು ಕೇಳಿದ್ದ. ಆಡಳಿತ ಮಂಡಳಿಗೂ ದೂರು ಹೋಗಿತ್ತು. ಡಾಕ್ಟ್ರು ಬದಲಾಗಲಿಲ್ಲ.

ಈ ಹಟಕ್ಕೆ ಒಂದು ಹಿನ್ನೆಲೆ ಇತ್ತು. ಅವರು ನಮ್ಮಲ್ಲಿಗೆ ಬಂದ ಹೊಸತರಲ್ಲಿ ಕಾಪುವಿನ ಇನ್ನೊಬ್ಬ ಮೀನು ಮಾರುವ ಹೆಂಗಸಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಮಕ್ಕಳು ಕೈಮುಗಿದು ಬೇಡಿಕೊಂಡರು. ಡಾಕ್ಟ್ರು ಒಪ್ಪಿ, ಗ್ಯಾಸ್ಟ್ರಿಕ್ ಎಂದು ಹೇಳಿದರು. ಆಗ ದೋಣಿಗಳಿಗೆ ಮಳೆಗಾಲದ ರಜೆ, ಹೆಂಗಸು ಮನೆಯಲ್ಲೇ ಇದ್ದರು, ಒಂದು ಸಲ ಮಣಿಪಾಲಕ್ಕೆ ಹೋಗಿ ಕೀಮೋ ತೆಗೆದುಕೊಂಡರು. ವಾಂತಿಯಾಯಿತು. ಗ್ಯಾಸಿಗೆ ಕೊಟ್ಟ ಮದ್ದು ಗ್ಯಾಸಿಗಿಂತ ಜೋರುಂಟಲ್ಲ, ಇದಕ್ಕಿಂತ ಜೀರಿಗೆ ಕಷಾಯವೇ ವಾಸಿ ಎಂದು ಅವರು ನಿಶ್ಚಯಿಸಿದರು. ಮಕ್ಕಳು ಒತ್ತಾಯ ಮಾಡುವುದಾದರೂ ಯಾವ ಕಾರಣ ಹೇಳಿ? ದೋಣಿಗಳು ಮತ್ತೆ ಕಡಲಿಗಿಳಿದವು, ಹೆಂಗಸು ಬುಟ್ಟಿ ಹೊತ್ತುಕೊಂಡು ಹೋದರು. ತಿರುಗಿ ನಮ್ಮಲ್ಲಿಗೆ ಬಂದಾಗ ಆ ಬೀರುವನ್ನು ತೆರೆಯುವುದೊಂದೇ ಉಳಿದಿತ್ತು. ವಾರ್ಡಿನಲ್ಲಿ ಮಲಗಿದ್ದವರು ಡಾಕ್ಟ್ರ ಕೈ ಹಿಡಿದು, "ಗ್ಯಾಸಿನಲ್ಲಿ ಯಾರಾದರೂ ಸಾಯ್ತಾರಾ ಡಾಕ್ಟ್ರೇ?" ಎಂದು ಕೇಳಿದರು. ನಾನು ರಕ್ತ ತೆಗೆಯಲು ಪಕ್ಕದಲ್ಲೇ ನಿಂತಿದ್ದೆ. ಡಾಕ್ಟ್ರು ಆ ದಿನ ಮಧ್ಯಾಹ್ನ ಗಂಜಿಗೆ ಮೀನು ಬೇಡ ಎಂದರು.

ಅಲ್ಲಿಂದ ಮೇಲೆ ತುಳುವಿನಲ್ಲಿ ಉತ್ತರ.

ಎಲ್ಲೂರು ಎಂಬ ಹಳ್ಳಿಯ ಒಬ್ಬ ಹೆಂಗಸು ಬಂದದ್ದು ಇದಾಗಿ ಬಹಳ ವರ್ಷಗಳ ಮೇಲೆ, ಒಂದು ಮಳೆಗಾಲದ ಆರಂಭದಲ್ಲಿ. ಬೀಡಿ ಕಟ್ಟಿ ಮನೆ ನಡೆಸಿದವರು. ಗಂಡ ಇಲ್ಲ, ಒಬ್ಬಳೇ ಮಗಳು, ಮಗಳ ಮದುವೆ ಆಟಿ ಕಳೆದ ಕೂಡಲೇ ಎಂದು ಗೊತ್ತಾಗಿತ್ತು. ಎದೆಯಲ್ಲಿ ಗಡ್ಡೆ. ಜೊತೆಗೆ ಬಂದವರು ಅಣ್ಣ. ಚಿಕ್ಕಂದಿನಲ್ಲೇ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ದುಡಿದು, ಈಗ ಊರಿಗೆ ಮರಳಿದವರು. ತಂಗಿಯ ಸಂಸಾರಕ್ಕೆ ಅವರೇ ಯಜಮಾನ. ನಾನು ಬಾಟಲಿಯಲ್ಲಿ ಒಯ್ದ ತುಣುಕಿನ ರಿಪೋರ್ಟ್ ಬಂದಿತ್ತು, ಕ್ಯಾನ್ಸರ್ ಹೌದು ಎಂದೇ ಬಂದಿತ್ತು. ಅಣ್ಣ ಕುಳಿತುಕೊಳ್ಳುವ ಮೊದಲೇ ಕನ್ನಡದಲ್ಲಿ ಶುರು ಮಾಡಿದರು.

"ಡಾಕ್ಟ್ರೇ, ಇವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಕನ್ನಡ ಒಂದಕ್ಷರ ಬರುವುದಿಲ್ಲ. ಕಾಯಿಲೆ ಎಂತ ಅಂತ ನನಗೆ ಗೊತ್ತುಂಟು. ಮದುವೆ ಕಳೆಯುವವರೆಗೆ ಸುದ್ದಿ ಹೊರಗೆ ಹೋಗಬಾರದು. ಗಂಡಿನ ಕಡೆಯವರು ಹೆದರುವ ಜನ. ತಾಯಿಗೆ ಉಂಟು ಅಂತಾದರೆ ಮಗಳನ್ನು ತರುವುದಿಲ್ಲ. ಮದುವೆ ಆಗಲಿ, ಮತ್ತೆ ಎಲ್ಲಿ ಹೇಳ್ತೀರೋ ಅಲ್ಲಿಗೆ ಕರಕೊಂಡು ಹೋಗ್ತೇನೆ."

ಕುರ್ಚಿ ಕರಕರ ಎಂದಿತು. ನಾನು ಸ್ಲೈಡ್ ಕೆಳಗಿಟ್ಟೆ. ಡಾಕ್ಟ್ರು "ಅಕ್ಕಾ," ಎಂದಷ್ಟೇ ಹೇಳಿದ್ದು. ಹೆಂಗಸು ನಡುವೆ ಬಾಯಿ ಹಾಕಿ ತುಳುವಿನಲ್ಲಿ, "ಅಣ್ಣಾ, ನನಗೆ ಬಾಯಿ ಒಣಗ್ತಾ ಉಂಟು. ಗೇಟಿನ ಹತ್ತಿರ ಬೊಂಡ ಇತ್ತು, ಒಂದು ತಾ," ಎಂದರು. ಅಣ್ಣ ಎಳನೀರು ತರಲು ಗಡಿಬಿಡಿಯಿಂದ ಎದ್ದು ಹೋದರು.

ಆಮೇಲೆ ಗೋಡೆಯಾಚೆಯಿಂದ ಕೇಳಿದ್ದು ಕನ್ನಡ. ಒಂದೊಂದು ಪದವನ್ನೂ ಪೂರ್ತಿ ಉಚ್ಚರಿಸುವ ಅಚ್ಚುಕಟ್ಟಾದ ಕನ್ನಡ. "ಡಾಕ್ಟರೇ, ತುಳುವಿನಲ್ಲಿ ಹೇಳಬೇಡಿ. ನನಗೆ ಕನ್ನಡ ಬರುತ್ತದೆ. ಬೀಡಿ ಕಟ್ಟುವಾಗ ದಿನವಿಡೀ ರೇಡಿಯೋ, ಈಗ ಟೀವಿ. ಅಣ್ಣನಿಗೆ ಗೊತ್ತಿಲ್ಲ. ಕ್ಯಾನ್ಸರ್ ಅಲ್ಲವೇ?"

"ಹೌದು."

"ಸಾಯುತ್ತೇನೆಯೇ?"

"ಈಗಲೇ ಹೋದರೆ ಗುಣ ಆಗುವ ಸಾಧ್ಯತೆ ತುಂಬಾ ಉಂಟು. ಕಾದ ಹಾಗೆ ಕಡಿಮೆಯಾಗ್ತಾ ಹೋಗ್ತದೆ."

"ಆಪರೇಷನ್ ಮಾಡಿಸಿಕೊಂಡರೆ ಮದುವೆಯ ದಿನ ಎದ್ದು ಓಡಾಡಬಹುದೇ?"

"ಓಡಾಡಬಹುದು. ಭಾರ ಎತ್ತಬಾರದು. ಕೀಮೋ ಮದುವೆಯಾದ ಮೇಲೆ ಶುರುವಾಗುವ ಹಾಗೆ ನಾನು ಅಲ್ಲಿಯವರ ಹತ್ತಿರ ಮಾತಾಡ್ತೇನೆ, ಅಷ್ಟು ಸಮಯ ಉಂಟು. ಆದರೆ ಅದರಲ್ಲಿ ತಲೆಕೂದಲು ಉದುರ್ತದೆ."

"ಅದು ನನ್ನ ತಲೆ, ನಾನು ನೋಡಿಕೊಳ್ಳುತ್ತೇನೆ. ಅಣ್ಣನನ್ನೂ ನಾನೇ ಹೊರಡಿಸುತ್ತೇನೆ. ಆದರೆ ನನಗೆ ಗೊತ್ತಿದೆ ಎಂದು ಅವನಿಗೆ ಗೊತ್ತಾಗಬಾರದು."

"ಅದು ಯಾಕೆ?"

"ಗೊತ್ತಾದರೆ ನನ್ನೆದುರು ಕುಳಿತು ಅಳುತ್ತಾನೆ. ಅವನಿಗೆ ಸಮಾಧಾನ ಹೇಳುವ ಕೆಲಸವೂ ನನ್ನ ತಲೆಗೆ ಬರುತ್ತದೆ. ಮತ್ತೆ ಮದುವೆಗೆ ಓಡಾಡುವವರು ಯಾರು?"

ಡಾಕ್ಟ್ರು ಹೇಳಿದರು: "ನಾನು ಸುಳ್ಳು ಹೇಳುವುದಿಲ್ಲ ಅಂತ ನಿಶ್ಚಯ ಮಾಡಿ ಬಹಳ ಕಾಲ ಆಯ್ತಕ್ಕ."

"ನೀವು ಸುಳ್ಳು ಹೇಳುವುದು ಬೇಡ. ಕನ್ನಡ ಮಾತಾಡಿ, ಸಾಕು."

ಅಣ್ಣ ಬೊಂಡ ಹಿಡಿದುಕೊಂಡು ಬಂದರು. ಕುರ್ಚಿ ಅವರ ಕಡೆಗೆ ತಿರುಗಿತು. ಡಾಕ್ಟ್ರು ಕನ್ನಡದಲ್ಲಿ, ಕಾಯಿಲೆ ಯಾವ ಹಂತದಲ್ಲಿದೆ, ಆಪರೇಷನ್ ಹೇಗೆ, ಯಾಕೆ ಕಾಯಬಾರದು, ಕೀಮೋ ಎಂದರೇನು ಎಂದು ನಿಧಾನವಾಗಿ, ಬೇಕಾದದ್ದಕ್ಕಿಂತ ದೊಡ್ಡ ಸ್ವರದಲ್ಲಿ ವಿವರಿಸಿದರು. ಲ್ಯಾಬಿನ ಬಾಗಿಲಿನಿಂದ ನಾನು ಇಣುಕಿ ನೋಡಿದೆ. ಹೆಂಗಸು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಬೊಂಡ ಕುಡಿಯುತ್ತಿದ್ದರು. ಹೊರಗೆ ಬಂದ ಅಣ್ಣ ನನ್ನ ಹತ್ತಿರ, "ಈ ಡಾಕ್ಟ್ರ ಬಗ್ಗೆ ಜನ ಎಂತೆಂತದೋ ಹೇಳ್ತಾರೆ ಮೇಡಂ. ಎಷ್ಟು ತಾಳ್ಮೆಯ ಮನುಷ್ಯ!" ಎಂದರು. ಆದರೂ ಮದುವೆಗೆ ಮೊದಲು ಆಪರೇಷನ್ ಎಂದರೆ ಅವರ ಮನಸ್ಸು ಇನ್ನೂ ಒಪ್ಪಿರಲಿಲ್ಲ.

ಮಾರನೆಯ ದಿನದಿಂದ ಎಲ್ಲೂರಿನ ಆ ಮನೆಯಲ್ಲಿ ಗಡ್ಡೆಯ ನೋವು ಶುರುವಾಯಿತು. ಇಲ್ಲದ ನೋವು. ಕೊಡಪಾನ ಎತ್ತಿದರೆ ನೋವು, ಬಗ್ಗಿದರೆ ನೋವು, ಮದುವೆಯ ದಿನ ಹೀಗೇ ನರಳುತ್ತಾ ಕುಳಿತರೆ ಗಂಡಿನ ಕಡೆಯವರು ಕೇಳುವುದಿಲ್ಲವಾ, ಮೊದಲೇ ತೆಗೆಸಿಬಿಡು ಎಂದು ಒಂದೇ ರಾಗ. ಗಂಡಿನ ಕಡೆಯವರ ಹೆಸರೆತ್ತಿದ ಮೇಲೆ ಅಣ್ಣ ಹೊರಡದೆ ಇರುತ್ತಾರೆಯೇ? ಆಟಿಗೆ ಮೊದಲೇ ಮಣಿಪಾಲದಲ್ಲಿ ಆಪರೇಷನ್ ಆಯಿತು. ಅಲ್ಲಿ ಕ್ಯಾನ್ಸರ್ ಎಂದು ಬರೆದ ಬೋರ್ಡು ಕಂಡಲ್ಲೆಲ್ಲ ಅಣ್ಣ, ತಂಗಿಗೆ ಓದಲು ಬಾರದೆಂದು ಗೊತ್ತಿದ್ದೂ, ಅದಕ್ಕೆ ಅಡ್ಡವಾಗಿ ನಿಂತು, ತಂಗಿ ದಾಟಿದ ಮೇಲೆ ಬರುತ್ತಿದ್ದರಂತೆ. ಪಾಪ, ಅವರು ತೆಳ್ಳಗಿನ ಮನುಷ್ಯ, ಬೋರ್ಡು ದೊಡ್ಡದು.

ಮದುವೆ ಚೆನ್ನಾಗಿ ನಡೆಯಿತು. ಅದರ ಮರುವಾರ ಆಕೆ ಊರಿಡೀ ಸಾರಿದರು: ಮಗಳ ಮದುವೆ ಸಾಂಗವಾಗಿ ಆದರೆ ಮುಡಿ ಕೊಡುತ್ತೇನೆಂದು ತಿರುಪತಿಗೆ ಹರಕೆ ಹೊತ್ತಿದ್ದೆ ಎಂದು. ಬೀಗರು ಕೂಡ ಮೆಚ್ಚಿದರು. ಕೀಮೋ ಶುರುವಾಗುವ ಮೊದಲೇ ತಿರುಪತಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದರು. ಅಣ್ಣ ಡಾಕ್ಟ್ರ ಕೋಣೆಯಲ್ಲಿ ಕುಳಿತು, "ಕೂದಲಿನ ವಿಷಯ ಇವಳಿಗೆ ಹೇಗೆ ಹೇಳುವುದು ಅಂತ ನನಗೆ ನಿದ್ದೆ ಇರಲಿಲ್ಲ. ದೇವರೇ ಇವಳ ಬಾಯಲ್ಲಿ ಹರಕೆ ಹೇಳಿಸಿದ ನೋಡಿ," ಎಂದು ಕೈಮುಗಿದರು. "ದೇವರು ದೊಡ್ಡವನು," ಎಂದರು ಡಾಕ್ಟ್ರು, ಕನ್ನಡದಲ್ಲಿ.

ನಗುವಂಥದ್ದೇ ಎಲ್ಲ ಇರಲಿಲ್ಲ. ನಾಲ್ಕನೆಯ ಕೀಮೋ ಹೊತ್ತಿಗೆ ಆಕೆಯ ರಕ್ತ ತುಂಬಾ ಇಳಿಯಿತು. ಬಾಯಿ ತುಂಬ ಹುಣ್ಣು, ನೀರು ನುಂಗಲೂ ಆಗದು. ಕೀಮೋವನ್ನು ಅಣ್ಣ ಆಕೆಗೆ ಗಾಯ ಒಣಗುವ ಇಂಜೆಕ್ಷನ್ ಎಂದಿದ್ದರು. ಆಕೆ ನನ್ನ ಲ್ಯಾಬಿನ ಸ್ಟೂಲಿನಲ್ಲಿ ಕುಳಿತು ತುಳುವಿನಲ್ಲಿ ಅಣ್ಣನಿಗೆ ಹೇಳಿದರು: "ಮದುವೆ ಆಯ್ತಲ್ಲ. ಇನ್ನು ನನಗೆ ಇಂಜೆಕ್ಷನ್ ಬೇಡ." ಅಣ್ಣ ಅವರನ್ನು ಡಾಕ್ಟ್ರ ಎದುರು ಕೂರಿಸಿದರು. ಈ ಸಲ ಬೊಂಡಕ್ಕೆ ಕಳಿಸುವ ಶಕ್ತಿಯೂ ಆಕೆಗೆ ಇರಲಿಲ್ಲ. ಡಾಕ್ಟ್ರು ಅಣ್ಣನ ಮುಖ ನೋಡಿ ಕನ್ನಡದಲ್ಲಿ ಹೇಳಿದರು: "ನೋಡಿ, ಈಗ ನಿಲ್ಲಿಸಿದರೆ ಇಷ್ಟು ದಿನ ಪಟ್ಟ ಕಷ್ಟ ಎಲ್ಲ ನೀರಲ್ಲಿ ಹೋಮ. ಇನ್ನು ಸ್ವಲ್ಪವೇ ಉಳಿದದ್ದು. ಹುಣ್ಣು ಮಾಯ್ತದೆ, ರಕ್ತ ಏರ್ತದೆ. ನಿಮ್ಮ ತಂಗಿಯಷ್ಟು ಧೈರ್ಯದವರನ್ನು ನಾನು ಈ ಕೋಣೆಯಲ್ಲಿ ನೋಡಿಲ್ಲ. ಹೆದರಿಕೆ ಆದರೆ ತಪ್ಪಲ್ಲ. ಅತ್ತರೂ ತಪ್ಪಲ್ಲ."

ಅತ್ತದ್ದು ಅಣ್ಣ. ತಂಗಿಗೆ ಅರ್ಥವಾಗುವುದಿಲ್ಲ ಎಂಬ ಧೈರ್ಯದಲ್ಲಿ ಮೇಜಿಗೆ ತಲೆಯಿಟ್ಟು ಅತ್ತರು. ಆಕೆ ತುಳುವಿನಲ್ಲಿ, "ಎಂತ ಆಯ್ತು ಅಣ್ಣಾ?" ಎಂದು ಕೇಳಿದರು. "ಕಣ್ಣಿಗೆ ಧೂಳು ಬಿತ್ತು," ಎಂದರು ಅಣ್ಣ. ಆಕೆ ಅವರ ಬೆನ್ನು ಸವರುತ್ತಾ, "ಹಾಗಾದರೆ ಬರ್ತೇನೆ ಅಂತ ಡಾಕ್ಟ್ರಿಗೆ ಹೇಳು. ಮುಂದಿನ ಇಂಜೆಕ್ಷನ್ ಯಾವಾಗ ಅಂತ ಕೇಳು," ಎಂದರು. ಡಾಕ್ಟ್ರು ಎದ್ದು, ಬೇಡದಿದ್ದರೂ, ಬೀರುವಿಗೆ ಅಡ್ಡಬಿದ್ದು ಅದನ್ನು ತೆರೆದು ಮುಚ್ಚಿದರು.

ಅವತ್ತು ಊಟಕ್ಕೆ ಕುಳಿತಾಗ ಅವರು ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: "ಹೇಳಲೇಬೇಕು ಅಂತ ಇಷ್ಟು ವರ್ಷ ಎಲ್ಲರ ಹತ್ತಿರ ಜಗಳ ಮಾಡಿದೆ ನೋಡಿ. ಯಾರಿಗೆ ಎಷ್ಟು ಬೇಕು ಅಂತ ಒಬ್ಬರ ಹತ್ತಿರವೂ ಕೇಳಲಿಲ್ಲ." ನಾನು ಉಪ್ಪಿನಕಾಯಿ ಬಡಿಸಿದೆ.

ಅದಾದ ಮೇಲೆ ಅವರ ಕ್ರಮ ಬದಲಾಯಿತು. ರೋಗಿಯ ಜೊತೆ ಯಾರು ಬಂದರೂ ಮೊದಲು, "ಒಂದು ಬೊಂಡ ತನ್ನಿ, ಅವರಿಗೆ ಆಯಾಸ ಆಗಿದೆ," ಎಂದು ಹೊರಗೆ ಕಳಿಸುವರು. ಆಮೇಲೆ ರೋಗಿಯ ಕಡೆಗೆ ಕುರ್ಚಿ ತಿರುಗಿಸಿ, "ನಿಮಗೆ ಎಷ್ಟು ಗೊತ್ತಾಗಬೇಕು? ಯಾರಿಗೆ ಗೊತ್ತಾಗಬಾರದು?" ಎಂದು ಕೇಳುವರು. ಕೆಲವರು ಎಲ್ಲ ಹೇಳಿ ಎನ್ನುತ್ತಿದ್ದರು. ಕೆಲವರು, "ನನಗೆ ಬೇಡ, ಮಗನಿಗೆ ಹೇಳಿ," ಎನ್ನುತ್ತಿದ್ದರು. ಗೇಟಿನ ಬೊಂಡದವರು ಎರಡನೆಯ ಗಾಡಿ ಇಟ್ಟರು. ಅವರಿಗೆ ಕಾರಣ ಇವತ್ತಿಗೂ ಗೊತ್ತಿಲ್ಲ.

ಎಲ್ಲೂರಿನ ಹೆಂಗಸು ಗುಣವಾದರು. ಈಗ ಮೊಮ್ಮಗ ಶಾಲೆಗೆ ಹೋಗುತ್ತಾನೆ. ಡಾಕ್ಟ್ರು ನಿವೃತ್ತರಾಗುವವರೆಗೂ ಆಕೆ ಅಣ್ಣನೊಂದಿಗೆ ತಪಾಸಣೆಗೆ ಬರುತ್ತಿದ್ದರು. ಅದೇ ಕ್ಯಾಲೆಂಡರ್, ಅದೇ ಬೊಂಡ, ಅದೇ ದೊಡ್ಡ ಸ್ವರದ ಕನ್ನಡ.

ಮೊನ್ನೆ ನಮ್ಮ ಆಸ್ಪತ್ರೆಯ ಸಭಾಂಗಣದಲ್ಲಿ ಡಾಕ್ಟ್ರಿಗೆ ಶ್ರದ್ಧಾಂಜಲಿ ಸಭೆ ಇತ್ತು. ಮೇಜಿನ ಮೇಲೆ ಫೋಟೋ, ಫೋಟೋದಲ್ಲೂ ಮುಖ ಗಂಟು. ಎಲ್ಲೂರಿನ ಅಣ್ಣ ತಂಗಿ ಮುಂದಿನ ಸಾಲಿನಲ್ಲಿದ್ದರು. ನಾಲ್ಕು ಮಾತಾಡಲೆಂದು ಅಣ್ಣ ತಾವಾಗಿಯೇ ಎದ್ದರು. ಮೈಕ್ ಕೈಗೆ ಬಂದ ಕೂಡಲೇ, ನಮ್ಮೆಲ್ಲರ ಹಾಗೆ, ಕನ್ನಡ.

"ಈ ಡಾಕ್ಟರು ಸತ್ಯವನ್ನು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ನನ್ನ ಮಾತಿಗೆ ಬೆಲೆ ಕೊಟ್ಟರು. ನನ್ನ ತಂಗಿಗೆ ಬಂದದ್ದು ಕ್ಯಾನ್ಸರ್ ಎಂದು ಅವಳಿಗೆ ಇಂದಿಗೂ ತಿಳಿಯದ ಹಾಗೆ ಕಾಪಾಡಿದರು. ಅವಳು ಬದುಕಿದ್ದು ಅದರಿಂದಲೇ ಎಂದು ನಾನು ನಂಬಿದ್ದೇನೆ. ಅವಳು ಇಲ್ಲೇ ಕುಳಿತಿದ್ದಾಳೆ. ಕನ್ನಡ ಬರುವುದಿಲ್ಲ. ದಯವಿಟ್ಟು ಯಾರೂ ಅವಳಿಗೆ ಹೇಳಬೇಡಿ." ಮೈಕನ್ನು ಮೇಜಿನ ಮೇಲಿಟ್ಟು ಬಂದು ಕುಳಿತರು.

ಆಕೆ ಫೋಟೋವನ್ನೇ ನೋಡುತ್ತಿದ್ದರು, ಆಗ ಕ್ಯಾಲೆಂಡರ್ ನೋಡುತ್ತಿದ್ದ ಹಾಗೆಯೇ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಸಭೆ ಮುಗಿದು ಚಹಾ ಕೊಡುತ್ತಿದ್ದಾಗ ಇಬ್ಬರೂ ನನ್ನ ಹತ್ತಿರ ಬಂದರು. ಅಣ್ಣ ಕನ್ನಡದಲ್ಲಿ ಮೆಲ್ಲಗೆ, "ಮೇಡಂ, ನಾನು ಮೈಕಿನಲ್ಲಿ ಹೇಳಿದ್ದು ತಪ್ಪಾಯ್ತೋ ಏನೋ. ಇವಳು ಅಳ್ತಾ ಇದ್ದಾಳೆ. ಗೊತ್ತಾಯ್ತಾ ಇವಳಿಗೆ?" ಎಂದು ಕೇಳಿದರು. ನಾನು ಆಕೆಯ ಮುಖ ನೋಡಿದೆ. ಆಕೆ ಚಹಾದ ಲೋಟದೊಳಗೆ ನೋಡುತ್ತಿದ್ದರು. ಕುರ್ಚಿ ತಿರುಗಿಸುವುದಕ್ಕೆ ಈಗ ಡಾಕ್ಟ್ರಿಲ್ಲ.

"ಇಲ್ಲಣ್ಣ," ಎಂದೆ. "ಡಾಕ್ಟ್ರು ಹೋದರು ಅಂತ ಅಳುವುದು. ಕನ್ನಡದಲ್ಲಿ ಹೇಳಿದ್ದು ಅವರಿಗೆ ಎಂತ ಗೊತ್ತಾಗ್ತದೆ?"

ಅಣ್ಣ ನಿರಾಳವಾಗಿ ಉಸಿರುಬಿಟ್ಟರು. ಆಕೆ ಲೋಟದಿಂದ ತಲೆಯೆತ್ತಿ, ಮೇಡಂ ಏನು ಹೇಳಿದರು ಎಂದು ಅಣ್ಣನನ್ನು ತುಳುವಿನಲ್ಲಿ ಕೇಳಿದರು.